ಧನುರ್ಮಾಸದ ಟೈರು

ಅಪ್ಪಾಜಿ,

ಡೈರಿಗೆ ಮಾತ್ರ ಹೇಳಿಕೊಂಡಿದ್ದೆ: ಮೂರು ದಿನದಿಂದ ಕಣ್ಣು ಮುಚ್ಚಿದರೆ ಸಾಕು, ನಮ್ಮ ಕಾರು ಜಾರುತ್ತದೆ.

ಚಾವಿ ಹುಡುಕಬೇಡಿ, ನನ್ನ ಬ್ಯಾಗಿನಲ್ಲಿದೆ. ಅದಕ್ಕೇ ಚಾವಿ ತೂಗುಹಾಕುವ ಮೊಳೆಗೆ ಈ ಚೀಟಿ ಚುಚ್ಚಿ ಹೋಗುತ್ತೇನೆ. ಅತನೂರಿಗೆ ಇವತ್ತು ಬಸ್ಸಿಗೆ ಹೋಗಿ. ಮಫ್ಲರ್ ಒಣಗಿದೆ, ಬಿ.ಪಿ. ಗುಳಿಗೆ ಟಿ.ವಿ. ಹತ್ತಿರ ಇದೆ.

ಧನುರ್ಮಾಸದಲ್ಲಿ ಹೊಸದು ತರಬಾರದೆಂದು ಯಾರೋ ಬಳಸಿದ ಟೈರುಗಳನ್ನು ಹಾಕಿಸಿದಿರಿ. ಗ್ರಿಪ್ಪೇನೋ ಆಳವಾಗಿದೆ. ಆದರೆ ಬದಿಯಲ್ಲಿ 1115 ಎಂಬ ಅಂಕಿ ಇದೆ. 2015ರ ಹನ್ನೊಂದನೇ ವಾರ ತಯಾರಾದದ್ದು ಎಂದು ಅದರರ್ಥ. ಅಷ್ಟು ಹಳೆಯ ರಬ್ಬರು ಗಟ್ಟಿಯಾಗಿರುತ್ತದೆ, ಈ ಚಳಿಯಲ್ಲಿ ಇಬ್ಬನಿ ಬಿದ್ದ ರಸ್ತೆಯನ್ನು ಹಿಡಿಯುವುದಿಲ್ಲ. ಮೇಲಾಗಿ ಕಬ್ಬಿನ ಟ್ರ್ಯಾಕ್ಟರುಗಳು ದಾರಿಯುದ್ದಕ್ಕೂ ಎರೆಮಣ್ಣು ಬಳಿದಿವೆ. ದಿನಾ ಬಸವಣ್ಣನ ಫೋಟೋಕ್ಕೆ ಕೈ ಮುಗಿಯುವವರು ಟೈರಿಗೂ ಮಾಸ ನೋಡಿದರೆ ಹೇಗೆ?

ಸಂಜೆ ಐದಕ್ಕೆ ಬರುತ್ತೇನೆ. ಇಬ್ಬರೂ ಕೂಡಿ ಅಂಗಡಿಗೆ ಹೋಗಿ ನಾಲ್ಕೂ ಹೊಸವು ಹಾಕಿಸೋಣ. ಅಂಕಿ ನಾನೇ ನೋಡುತ್ತೇನೆ, ನೀವು ಬೈದರೂ ಸರಿ.

ಮೂರು ದಿನದ ಹಿಂದೆ ಕಬ್ಬಿನ ಟ್ರಾಲಿಗೆ ಗೇಣು ದೂರದಲ್ಲಿ ಕಾರು ನಿಂತಾಗ, "ಏನಾಗಿಲ್ಲ, ಸುಮ್ನಿರ ಬೇ. ನಿಮ್ಮವ್ವಗ ಹೇಳಬ್ಯಾಡ" ಅಂದಿರಿ. ಆಮೇಲೆ ಮನೆತನಕ ಕಾರನ್ನು ಎರಡನೇ ಗೇರಿನಲ್ಲೇ ತಂದಿರಿ. ಮನೆಗೆ ಬಂದ ಮೇಲೆ ಅವ್ವ, "ಯಾಕ ಸಪ್ಪಗದಿ?" ಎಂದು ಕೇಳಿದರೆ ತಲೆನೋವು ಎಂದೆ.

ಈಗ ಇದನ್ನು ಬರೆಯುವಾಗ ಅವ್ವ ಹಿಂದೆ ಬಂದು ನಿಂತು, "ಏನ್ ಬರಿಯಾಕತ್ತಿ ಸೃಷ್ಟಿ?" ಅಂದಳು. ಮುಚ್ಚಿಡಲಾಗಲಿಲ್ಲ ಅಪ್ಪಾಜಿ. ಹೇಳಿಬಿಟ್ಟೆ:

"ಅವ್ವಾ, ಕಾರು ಜಾರಿತ್ತು. ಅಪ್ಪಾಜಿ, ನಾನು, ಇಬ್ಬರೂ ಸ್ವಲ್ಪದರಾಗ ಉಳದೇವಿ."