ಜಗಲಿಯ ಕಿಟಕಿ

ಜೂನ್ ೩, ಮಂಗಳವಾರ

ಬೆಳಿಗ್ಗೆಯೇ ಕರೆಂಟು ಹೋಯಿತು. ಯುಪಿಎಸ್ ಬಡಕೊಂಡಿತು. ಕೌಂಟರ್ ಕೆಳಗಿನ ಕಂಪ್ಯೂಟರ್ ಡಬ್ಬ ಆಫ್ ಆಗಲಿಲ್ಲ, ಪುಣ್ಯ. ಎರಡು ಡಿಸ್‌ಪ್ಲೇ ಹಾಕಿದೆ, ಒಂದು ಚಾರ್ಜಿಂಗ್ ಪಿನ್. ಮೊಬೈಲ್ ರಿಪೇರಿಗೆ ಹೆಂಗಸು ಕೂತಿದ್ದಾಳೆ ಅಂತ ಮದ್ದೂರಿನ ಗಂಡಸರು ಈಗಲೂ ಬಗ್ಗಿ ನೋಡಿ ಹೋಗುತ್ತಾರೆ. ನೋಡಲಿ, ಕಣ್ಣು ಅವರದು.

ಒಬ್ಬ ಕೇಳಿದ — "ವನಜಕ್ಕ, ಈ ಜಗಲಿ ಆಪ್‌ದು ಆಫೀಸ್ ಎಲ್ಲೈತೆ?"

"ಎಲ್ಲೂ ಇಲ್ಲ ಕಣ್ಲಾ. ನಿನ್ ಫೋನು, ನನ್ ಫೋನು, ಅಷ್ಟೇಯ."

ಎಷ್ಟು ಸಲ ಹೇಳಿದರೂ ಇವರ ತಲೆಗೆ ಹೋಗುವುದಿಲ್ಲ. ಎರಡು ಫೋನು ಹತ್ತಿರ ಬಂದರೆ ಒಂದರಲ್ಲಿದ್ದದ್ದು ಇನ್ನೊಂದಕ್ಕೆ ತಾನಾಗಿ ದಾಟುತ್ತದೆ, ಊರ ಸುದ್ದಿ ಬಾಯಿಂದ ಬಾಯಿಗೆ ಹೋದ ಹಾಗೆ. ಕಂಪನಿಯಿಲ್ಲ, ಯಜಮಾನನಿಲ್ಲ. ಆಪ್ ಇಲ್ಲದವರೂ ಓದಲಿ ಅಂತ ನಾನೊಂದು ಕಿಟಕಿ ಇಟ್ಟಿದ್ದೇನೆ — ಡಬ್ಬಕ್ಕೆ ಬಂದದ್ದನ್ನು ವೆಬ್ ಪೇಜಿನಲ್ಲಿ ತೋರಿಸುತ್ತದೆ. ತೋರಿಸಬಹುದು ಅಂದವರದ್ದು ಮಾತ್ರ.

ಅರ್ಪಿತಳ ಪೋಸ್ಟು ಬಂತು. "ಚೆನ್ನಾಗಿದೀನಿ ಅಮ್ಮ. ಇವತ್ತೂ ಮುದ್ದೆ ಗಂಟಾಯ್ತು."

ಆತಗೂರಿನ ಹುಡುಗಿ. ಬೇರೆ ಜಾತಿಯವನನ್ನು ಮದುವೆಯಾಗಿ ಮನೆ ಬಿಟ್ಟಳು. ಹೊರಡುವ ದಿನ ಇಲ್ಲಿಗೆ ಬಂದು ಜಗಲಿ ಹಾಕಿಸಿಕೊಂಡು, ಸಿಮ್ ಮುರಿದು ನನ್ನ ಕಸದ ಡಬ್ಬಿಗೇ ಎಸೆದಳು. ಸಿಮ್ ಇದ್ದರೆ ಅಣ್ಣ ಹುಡುಕುತ್ತಾನೆ ಅಂತ. ಎಲ್ಲಿದ್ದಾಳೋ ನನಗೂ ಗೊತ್ತಿಲ್ಲ. ಅವಳ ತಾಯಿ ಮಲ್ಲಿಗಮ್ಮ ಕದ್ದುಮುಚ್ಚಿ ಈ ಪೇಜು ಓದಿಸಿಕೊಂಡು ಕೇಳುತ್ತಾರೆ. ಮಗಳು ಬದುಕಿದ್ದಾಳೆ ಅಂತ ತಿಳಿಯಲು ಅವರಿಗಿರುವುದು ಅದೊಂದೇ ದಾರಿ.

ಜೂನ್ ೯, ಸೋಮವಾರ

ಅಕ್ಷರವೆಲ್ಲ ಸೊಟ್ಟ.

ಅರ್ಪಿತಳ ಅಣ್ಣ ಸಂತೋಷ್ ಬಂದಿದ್ದ. ತಾಯಿಯ ಫೋನಿನಲ್ಲಿ ಪೇಜು ಸಿಕ್ಕಿದೆ. ಹೆತ್ತವಳಿಗೆ ಹೊಡೆದು, ಫೋನು ಕಿತ್ತುಕೊಂಡು ಬಂದಿದ್ದಾನೆ.

"ಎಲ್ಲವ್ಳೆ ಯೋಳು."

"ನಂಗೊತ್ತಿಲ್ಲ."

"ನಿನ್ ಡಬ್ಬಕ್ಕೆ ಬತ್ತದೆ, ನಿಂಗೊತ್ತಿಲ್ವಾ? ಯಾರ್ ಕಿವಿಗ್ ಹೂವ ಮಡುಗ್ತೀಯ?"

ಹೆಲ್ಮೆಟ್ಟಿನಿಂದ ಕೌಂಟರಿನ ಗಾಜು ಒಡೆದ. ಜುಟ್ಟು ಹಿಡಿದು ನನ್ನ ಮುಖವನ್ನು ಆ ಚೂರುಗಳ ಮೇಲೆ ಒತ್ತಿದ. ಬಾಯಿ ತುಂಬ ರಕ್ತ. ಆಗಲಾದರೂ ಸುಮ್ಮನಿರಬೇಕಿತ್ತು. ನನ್ನ ಬಾಯಿ ಕೇಳಬೇಕಲ್ಲ!

"ಲೋ ದಡ್ಡ ನನ್ಮಗನೇ, ಯಾರೂ ಕಳ್ಸೋದಲ್ಲ ಕಣೋ ಇದು. ಅವಳ ಹತ್ರ ಸುಳಿದಾಡಿದ ಫೋನು ನನ್ ಅಂಗ್ಡಿಗ್ ಬಂದ್ರೆ ತಾನೇ ಇಳೀತದೆ. ತಂದೋರ್ಗೂ ಗೊತ್ತಾಗಕಿಲ್ಲ, ನಂಗೂ ಗೊತ್ತಾಗಕಿಲ್ಲ. ಯಾರ್ನ ಹೊಡೀತೀಯೋ ಹೊಡ್ಕೊ!"

ಕೈ ಬಿಟ್ಟ. ಹೊರಟು ಹೋದ. ಗೆದ್ದೆ ಅನ್ನಿಸಿತು. ತುಟಿಗೆ ಹೊಲಿಗೆ ಹಾಕಿಸಿಕೊಳ್ಳುವಾಗಲೂ ಒಳಗೊಳಗೇ ಖುಷಿ.

ಜೂನ್ ೧೨, ಗುರುವಾರ

ಸಂತೋಷ್ ಮತ್ತು ಅವನ ಸ್ನೇಹಿತ ದಿನಾ ಎದುರಿನ ಟೀ ಅಂಗಡಿಯಲ್ಲಿ. ನನ್ನಲ್ಲಿಗೆ ಯಾರು ಬಂದರೂ ನೋಡುತ್ತಾರೆ. ಆಮೇಲೆ ತಮ್ಮ ಫೋನು ನೋಡುತ್ತಾರೆ. ಹೆದರಿಸುವುದಕ್ಕೆ ಕೂತಿದ್ದಾರೆ ಅಂದುಕೊಂಡಿದ್ದೆ.

ನಿಡಘಟ್ಟದ ಯಶೋದಮ್ಮ ಎಂದಿನಂತೆ ಬಂದು ಸೊಪ್ಪಿನ ಬುಟ್ಟಿ ಇಳಿಸಿ ನೀರು ಕುಡಿದರು. ಮೊಮ್ಮಗನ ಫೋಟೋ ನೋಡಲಿ ಅಂತ ಅವರ ಫೋನಿಗೂ ಜಗಲಿ ಹಾಕಿಕೊಟ್ಟವಳು ನಾನೇ. ಅವರು ಲೋಟ ಕೆಳಗಿಡುವಷ್ಟರಲ್ಲಿ ಅರ್ಪಿತಳ ಪೋಸ್ಟು ಇಳಿಯಿತು. ಪೇಜಿನಲ್ಲಿ "ಈಗ" ಅಂತ ಬಿತ್ತು — ಬರೆದ ಹೊತ್ತಲ್ಲ, ಡಬ್ಬಕ್ಕೆ ಬಂದ ಹೊತ್ತು. ಹಾಗೆ ಸೆಟ್ ಮಾಡಿದ್ದೂ ನಾನೇ.

ಎದುರಿಗೆ ಸಂತೋಷ್ ತಲೆ ಎತ್ತಿದ. ಯಶೋದಮ್ಮನನ್ನೇ ನೋಡಿದ.

ಅಯ್ಯೋ, ಯಾರು ಬಂದಾಗ ಇಳಿಯುತ್ತದೆ ನೋಡಿಕೋ ಅಂತ ನಾನೇ ಹೇಳಿಕೊಟ್ಟೆನಲ್ಲ!

"ಯಶೋದಮ್ಮ, ನಾಳೆಯಿಂದ ಈ ಕಡೆ ಬರ್ಬೇಡಿ" ಅಂದೆ, ಮೆಲ್ಲಗೆ.

"ಯಾಕವ್ವಾ? ಒಂದ್ ಲೋಟ ನೀರ್ಗೂ ಬರ ಬಂತಾ ನಿಂಗೆ?" ಮುಖ ಊದಿಸಿಕೊಂಡು ಹೋದರು. ಹಿಂದೆ ಓಡಿ ಬಿಡಿಸಿ ಹೇಳೋಣ ಅಂದರೆ ಅವನು ನೋಡುತ್ತಿದ್ದ.

ಡಬ್ಬದ ಪ್ಲಗ್ ಕೀಳಲು ಕೈ ಹಾಕಿದೆ. ಆಗಲೇ ಮಲ್ಲಿಗಮ್ಮನ ಫೋನು, ಪಕ್ಕದ ಮನೆಯಿಂದ. ಕಿಟಕಿ ಮುಚ್ಚುತ್ತೇನೆ ಅಂದೆ. ಅತ್ತರು.

"ಮುಚ್ಬ್ಯಾಡ ಕಣವ್ವ. ಅದ್ನ ಓದ್ಸಿ ಕೇಳುದ್ರೇನೆ ನಂಗ್ ತುತ್ತು ಇಳಿಯೋದು. ಇವತ್ತೊಂದಿನ ಬುಡು."

ಇವತ್ತೊಂದು ದಿನ. ನಾಳೆ ಕೀಳುತ್ತೇನೆ.

ಜೂನ್ ೧೩, ಶುಕ್ರವಾರ

ಅಂಗಡಿ ತೆಗೆಯುವ ಮುಂಚೆಯೇ ಸುದ್ದಿ. ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಸಂತೋಷ್ ಮತ್ತು ಅವನ ಸ್ನೇಹಿತ ಯಶೋದಮ್ಮನನ್ನು ಹಿಡಿದಿದ್ದಾರೆ. ಓಲೆ ಎಳೆದು ಕಿವಿ ಹರಿದಿದೆ. ಬಲಗೈ ಬೆರಳು ಮುರಿದಿದ್ದಾರೆ, ಒಂದಾದ ಮೇಲೆ ಒಂದು. ಸೊಪ್ಪೆಲ್ಲ ರಕ್ತ. ಫೋನು ಕಸಿದಿದ್ದಾರೆ. ಆಸ್ಪತ್ರೆಗೆ ಓಡಿದೆ, ಯಶೋದಮ್ಮನೇ ಹೇಳಿದರು.

"ನಾನ್ ಸೊಪ್ ಮಾರೋಳು, ನಂಗೇನ್ ಗೊತ್ತವ್ವ? ಮನೆತಾವ ಹೊಸಬ್ರು ಯಾರವ್ರೆ ಅಂದ್ರು. ಹಿಂದ್ಗಡೆ ರೂಮ್ಗೆ ಒಂದ್ ಹುಡ್ಗಿ ಬಂದವ್ಳೆ ಅಂದ್ಬುಟ್ಟೆ. ನೋವ್ ತಡೀಲಾರ್ದೆ ಅಂದ್ಬುಟ್ಟೆ..."

ಪೊಲೀಸಿಗೆ ಫೋನು ಮಾಡಿದೆ. ಅವರಿಗೆ ಕಾಯದೆ ಸ್ಕೂಟರ್ ಹತ್ತಿದೆ.

ನಿಡಘಟ್ಟ. ಹಿಂದಿನ ರೂಮು. ಬಾಗಿಲು ಕಿತ್ತು ಬಿದ್ದಿದೆ. ಚಿಲಕಕ್ಕೆ ಉದ್ದನೆ ಕೂದಲು ಸಿಕ್ಕಿಕೊಂಡಿದೆ. ಒಲೆಯಿಂದ ಬೀದಿಯವರೆಗೆ ಎಳೆದ ರಕ್ತ, ಮಧ್ಯೆ ಒಂದು ಚಪ್ಪಲಿ. ಅರ್ಪಿತಳ ಗಂಡ ಮಂಡ್ಯಕ್ಕೆ ಕೆಲಸಕ್ಕೆ ಹೋಗಿದ್ದ. ಅಕ್ಕಪಕ್ಕದವರೆಲ್ಲ ಬಾಗಿಲು ಹಾಕಿಕೊಂಡಿದ್ದರು. ಕಿರುಚಿದ್ದು ಕೇಳಿಸಲಿಲ್ಲವಂತೆ. ಥೂ!

ಜೂನ್ ೧೬, ಸೋಮವಾರ

ಅರ್ಪಿತ ಸಿಕ್ಕಿದಳು. ಆತಗೂರಿನ ಆಚೆ, ಕಬ್ಬು ಕಡಿದ ಗದ್ದೆಯಲ್ಲಿ. ಒಣ ತರಗು ಗುಡ್ಡೆ ಹಾಕಿ ಸುಟ್ಟಿದ್ದಾರೆ. ಕಾಲುಂಗುರ ನೋಡಿ ಗಂಡ ಗುರುತು ಹಿಡಿದ.

ಸ್ಟೇಷನ್ನಿಗೆ ಹೇಳಿಕೆ ಕೊಡಲು ಹೋಗಿದ್ದೆ. ಸಂತೋಷ್‌ನನ್ನು ಒಳಗೆ ಕರೆತರುತ್ತಿದ್ದರು. ಚಪ್ಪಲಿ ಬಿಚ್ಚಿ ಬಾರಿಸಿದೆ. ಮೂತಿಗೆ, ಕಣ್ಣಿಗೆ, ಸಿಕ್ಕಲ್ಲಿಗೆ. ಮೂಗು ಒಡೆಯಿತು. ಇಬ್ಬರು ಕಾನ್‌ಸ್ಟೇಬಲ್ ಎಳೆದರೂ ಬಿಡಲಿಲ್ಲ. ಕೊಂದೇ ಬಿಡುತ್ತಿದ್ದೆ.

ಅವನು ರಕ್ತ ಉಗಿದು ನಕ್ಕ. "ದಾರಿ ತೋರ್ಸ್ದೋಳು ನೀನೇ ಅಲ್ವಾ ಅಕ್ಕ?"

ಕೈಯಿಂದ ಚಪ್ಪಲಿ ಬಿತ್ತು.

ಜೂನ್ ೨೪, ಮಂಗಳವಾರ

ಪ್ಲಗ್ ಕಿತ್ತಿಲ್ಲ. ಮಲ್ಲಿಗಮ್ಮ ಹಳೆಯ ಪೋಸ್ಟುಗಳನ್ನೇ ತಿರುಗಿ ತಿರುಗಿ ಓದಿಸಿಕೊಳ್ಳುತ್ತಾರಂತೆ. ಅದನ್ನೂ ಕಿತ್ತುಕೊಳ್ಳಲು ನಾನ್ಯಾರು?

ಯಶೋದಮ್ಮ ಬಂದಿದ್ದರು, ಕೈಗೆ ಬ್ಯಾಂಡೇಜು. ಕಸಿದ ಫೋನನ್ನು ಆ ಇಬ್ಬರು ಅಲ್ಲೇ ಚರಂಡಿಗೆ ಎಸೆದು ಹೋಗಿದ್ದರಂತೆ, ಚರಂಡಿ ಬಳಿಯುವವರಿಗೆ ಸಿಕ್ಕಿದೆ. "ನನ್ ಮೊಮ್ಮಗನ್ ಫೋಟೋ ಅದ್ರಾಗವೆ, ನೋಡವ್ವ." ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಬಿಚ್ಚಿದೆ. ಕೆಸರು ತೊಳೆದೆ, ಒಣಗಿಸಿದೆ, ಬ್ಯಾಟರಿ ಬದಲಿಸಿದೆ. ಅವರು ಹೋದ ಮೇಲೆ ಆನ್ ಆಯಿತು. ಖುಷಿಪಟ್ಟೆ, ಮೂಢೆ.

ಡಬ್ಬ ಕೂಗಿತು. ಪೇಜಿನ ಮೇಲ್ಗಡೆ — ಅರ್ಪಿತ. ಈಗ.

"ಅಮ್ಮ, ಇವತ್ತು ಮುದ್ದೆ ಗಂಟಾಗ್ಲಿಲ್ಲ ನೋಡು!"

ಹನ್ನೆರಡನೇ ತಾರೀಖಿನ ರಾತ್ರಿ ಬರೆದದ್ದು. ಬೆಳಿಗ್ಗೆ ಬುಟ್ಟಿಯ ಜೊತೆ ಹೊರಟು, ಚರಂಡಿಯಲ್ಲಿ ಬಿದ್ದಿದ್ದು, ಇವತ್ತು ಬಂದು ಮುಟ್ಟಿದೆ. ತೆಗೆಯಬೇಕು ಅಂತ ಕೀಬೋರ್ಡ್ ಎಳೆದುಕೊಳ್ಳುವಷ್ಟರಲ್ಲಿ ಮಲ್ಲಿಗಮ್ಮನ ಫೋನು, ಪಕ್ಕದ ಮನೆಯಿಂದ.

"ವನಜವ್ವಾ! ಬರ್ದವ್ಳೆ ಕಣವ್ವ! ಈಗ್ ಬರ್ದವ್ಳೆ! ನಾನೇಳ್ಲಿಲ್ವಾ, ಅವ್ರು ಸುಟ್ಟಿದ್ದು ಇನ್ಯಾರ್ನೋ ಅಂತ? ನಂಗ್ ಮುಖ ತೋರಿಸ್ನೇ ಇಲ್ಲ ಕಣವ್ವ ಅವ್ರು. ಬದುಕವ್ಳೆ ನನ್ ಮಗ್ಳು!"

ಹೂಂ ಅಂದೆ. ಹೂಂ ಅಂದುಬಿಟ್ಟೆ!

ಬೆಲ್ಲ ತರುತ್ತಾರಂತೆ ನನಗೆ. ಈಗಿನ ಬಸ್ಸಿಗೇ ಹೊರಟಿದ್ದಾರೆ. ಹೇಳಬೇಕು. ಅದು ಹಳೆಯದು ಅಂತ ಹೇಳಬೇಕು. ಬಾಯಿ ಇದೆಯಲ್ಲ ನನಗೆ, ಬೇಡದ ಕಡೆ ಬೇಡದ್ದು ಆಡುವ ಬಾಯಿ. ಈಗ ಆಡಲಿ.

ಆತಗೂರಿನ ಬಸ್ಸು ನಿಂತಿತು. ಇಳಿದರು. ಸೆರಗಿನಲ್ಲಿ ಏನೋ ಕಟ್ಟಿಕೊಂಡಿದ್ದಾರೆ. ನನ್ನನ್ನು ನೋಡಿ ನಗುತ್ತಾ ರಸ್ತೆ ದಾಟುತ್ತಿದ್ದಾರೆ.