ಮಾತ್ರೆ ನುಂಗಿದವಳಿಗೆ

ಮಾರ್ಚ್ ೧೨, ಗುರುವಾರ

ನನ್ನ ಮುದ್ದು ಗುಬ್ಬಿ,

ಹೇಗಿದೀಯೇ? ನಿನ್ನ ಕಾಗದ ಬಂದು ತಿಂಗಳಾಯ್ತು, ಅಕ್ಕ ಉತ್ತರಾನೇ ಬರೀಲಿಲ್ಲ ಅಂತ ಮುಖ ಊದಿಸ್ಕೋಬೇಡ. ಒಂದು ರಿಪೋರ್ಟಿಗೆ ಕಾಯ್ತಿದ್ದೆ. ಇವತ್ತು ಬಂತು ಕಣೇ! ನಾನು ಲ್ಯಾಬಿನಲ್ಲಿ ಕೂಗಿದ ಕೂಗಿಗೆ ಪಕ್ಕದ ಮೇಜಿನವಳು ರಕ್ತದ ಟ್ಯೂಬು ಬೀಳಿಸೋದರಲ್ಲಿದ್ದಳು.

ಮೊದಲಿಂದ ಹೇಳ್ತೀನಿ. ಹೋದ ವರ್ಷ ನಾಲ್ಕು ಮೆಟ್ಟಿಲು ಹತ್ತಿದ್ರೆ ಏದುಸಿರು. ನನ್ನ ರಕ್ತ ನಾನೇ ಪರೀಕ್ಷೆ ಮಾಡ್ಕೊಂಡೆ: ಹಿಮೋಗ್ಲೋಬಿನ್ ಎಂಟು. ನಾಲ್ಕು ತಿಂಗಳು ಒಂದು ದಿನವೂ ತಪ್ಪದೆ ಕಬ್ಬಿಣದ ಮಾತ್ರೆ ನುಂಗಿದೆ. ನೋಡಿದ್ರೆ ಅದೇ ಎಂಟು! ನಮ್ಮ ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿ, "ನಿಜ ಹೇಳಿ, ಮಾತ್ರೆ ಬಿಸಾಕ್ತಿದೀರಲ್ವಾ?" ಅಂದ್ರು. ಮೈಯೆಲ್ಲಾ ಉರಿದುಹೋಯ್ತು. ಆಮೇಲೆ ನೆನಪಾಯ್ತು, ನಿನಗೆ ಹದಿನೈದಾಗಿದ್ದಾಗ ನಾನೂ ನಿನಗೆ ಇದೇ ಮಾತು ಅಂದಿದ್ದೆ. ಮಾಡಿದ್ದುಣ್ಣೋ ಮಹರಾಯ!

ನಾನು ಜಗಳಕ್ಕೇ ನಿಂತ ಮೇಲೆ ಅವರು ಜೀನ್ ಪರೀಕ್ಷೆಗೆ ಕಳಿಸಿದ್ರು. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಕೆಟ್ಟ ಜೀನ್ ಎರಡೂ ನನ್ನ ಪಾಲಿಗೇ ಬಂದಿವೆ. ಅದಿದ್ದವರ ಕರುಳು ಮಾತ್ರೆಯ ಕಬ್ಬಿಣಕ್ಕೆ ಬಾಗಿಲೇ ತೆಗೆಯಲ್ವಂತೆ! ನರಕ್ಕೆ ಕಬ್ಬಿಣದ ಡ್ರಿಪ್ ಹಾಕಿದ್ರೆ ರಕ್ತ ಏರುತ್ತೆ. ರಿಪೋರ್ಟು ಬರೋ ಮುಂಚೆಯೇ ನನಗೆ ಎರಡು ಸಲ ಹಾಕಿ ನೋಡಿದ್ರು; ಈಗ ಹತ್ತೂವರೆ! ಮೂರು ಮಹಡಿ ಹತ್ತಿ ಬಂದು ಹರಟೆ ಹೊಡೀತೀನಿ.

ಈಗ ನಿನ್ನ ವಿಷಯ. ಆರು ತಿಂಗಳ ಬಸುರಿ ನೀನು. ಮಾತ್ರೆ ನುಂಗಿದ್ರೂ ರಕ್ತ ಏರ್ತಿಲ್ಲ, ಅಲ್ಲಿನ ಡಾಕ್ಟರೂ ನಂಬ್ತಿಲ್ಲ ಅಂತ ಬರೆದಿದ್ದೆಯಲ್ಲ? ಒಡಹುಟ್ಟಿದವರೆಲ್ಲರಿಗೂ ಇದು ಬರಲೇಬೇಕು ಅಂತಿಲ್ಲ. ಆದ್ರೆ ನಿನ್ನ ಹಳೇ ರಿಪೋರ್ಟು ನೋಡಿದ ನಮ್ಮ ಡಾಕ್ಟರಮ್ಮ, "ಇವರದ್ದೂ ಅದೇ ಇರಬೇಕು, ತಡ ಮಾಡಬೇಡಿ" ಅಂದ್ರು. ಜೊತೆಗಿಟ್ಟಿರೋ ನನ್ನ ರಿಪೋರ್ಟಿನ ಪ್ರತಿಯನ್ನ ಕೈಗೆ ಸಿಕ್ಕ ದಿನಾನೇ ಅಲ್ಲಿನ ಡಾಕ್ಟರ ಮೇಜಿನ ಮೇಲಿಡು. ಸಂಕೋಚ ಮಾಡ್ಕೊಂಡು ಕೂತ್ರೆ ನಾನೇ ಬಂದು ಕಿವಿ ಹಿಂಡ್ತೀನಿ. ಹೆರಿಗೆ ಹೊತ್ತಿಗೆ ನಿನ್ನ ಮೈಯಲ್ಲಿ ರಕ್ತ ಇರಬೇಕು, ತಾಯಿ.

ನೀನು, ನಿನ್ನ ಕೂಸು, ಇಬ್ಬರೂ ಗಟ್ಟಿಮುಟ್ಟಾಗಿ ನೂರು ಕಾಲ ಬಾಳಿ.

ನಿನ್ನ
ಅಕ್ಕ

ತಾ.ಕ.: ನಿನಗೆ ಹದಿನೈದಾಗಿದ್ದಾಗ ಬೀರುವಿನ ಹಿಂದೆ ಅಮ್ಮನಿಗೆ ಸಿಕ್ಕ ಮಾತ್ರೆಗಳು ನನ್ನವು. ನಮ್ಮಿಬ್ಬರಿಗೂ ಕೊಡ್ತಿದ್ದಳಲ್ಲ, ವಾಕರಿಕೆ ಬರುತ್ತೆ ಅಂತ ನಾನು ದಿನಾ ಅಲ್ಲಿ ಹಾಕ್ತಿದ್ದೆ. ನೀನೂ ಹಾಗೇ ಮಾಡ್ತೀಯ ಅಂದ್ಕೊಂಡಿದ್ದೆ. ಅಮ್ಮ ನಿನಗೆ ಹೊಡೆದಾಗ ನಾನು ಬಾಗಿಲಲ್ಲೇ ಇದ್ದೆ. ಸಾಯೋವರೆಗೂ ಅವಳು ನಿನ್ನನ್ನ ಸುಳ್ಳುಬುರುಕಿ ಅಂತಲೇ ನಂಬಿದ್ದಳು. ನಾನು ಹೇಳಲೇ ಇಲ್ಲ ಕಣೇ.