ಪಿರಿಗೆ ಹಾಕಿಸದ ಇಂಜೆಕ್ಷನ್

ಆಗಸ್ಟ್ 11, ಸೋಮವಾರ, ಸಂಜೆ

ಇವತ್ತು ಕಡಿದು ಹಾಕಿದ್ದು ನನ್ನ ಗಂಡ ಗಿಲ್‌ನ ಎಡಗಾಲಿನ ಬೂಟು, ಸೋಫಾದ ಒಂದು ದಿಂಬು, ಟೀವಿ ರಿಮೋಟು. ಮೀನಿನ ಕಾರ್ಖಾನೆಯಿಂದ ಬಂದು ಬಾಗಿಲು ತೆಗೆದರೆ ಮನೆ ತುಂಬ ಹತ್ತಿ. ನಡುವೆ ನಾಯಿಮರಿ ಪಿರಿ. ಮೂತಿಯ ಮೇಲೂ ಹತ್ತಿ ಅಂಟಿಸಿಕೊಂಡು ಬಾಲ ಆಡಿಸುತ್ತಿತ್ತು. ಬೈಯಲು ಬಾಯಿ ತೆಗೆದವಳಿಗೆ ನಗು ಬಂತು. ನಕ್ಕರೆ ಮುಗಿಯಿತು, ಅದಕ್ಕೆ ಗೊತ್ತಾಗಿಬಿಡುತ್ತದೆ.

ಆರು ತಿಂಗಳ ಮರಿ. ಗಿಲ್ ಜೊತೆ ದೋಣಿಯಲ್ಲಿ ದುಡಿಯುವವನೊಬ್ಬ ಏಪ್ರಿಲ್‌ನಲ್ಲಿ ಕೊಟ್ಟಿದ್ದು. ಪಿರಿಪಿರಿ ಎಂದು ಖಾರದ ಮೆಣಸಿನಕಾಯಿಯ ಹೆಸರಿಟ್ಟವಳು ಮಗಳು ಫ್ಲೋರಾ. ಕೆಳಗಿನ ಮನೆಯಲ್ಲಿರುವ ಅತ್ತೆ ಕರೆಯುವುದು ಮಾತ್ರ ಕಿರಿಕಿರಿ ಎಂದೇ. ಸದ್ದು ಕೇಳಿ ಮೆಟ್ಟಿಲು ಹತ್ತಿ ಬಂದರು. ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿದರು.

"ಇಲ್ದಾ, ಇದು ನಾಯಿಯಲ್ಲ ಕಣೇ, ಗೆದ್ದಲು. ಮನೆಗೆ ಗೆದ್ದಲು ತಂದಿಟ್ಟು ನನ್ ಮಗ ಸಮುದ್ರದಲ್ಲಿ ಹೋಗಿ ಕೂತ."

ಆಗಸ್ಟ್ 14, ಗುರುವಾರ

ದೋಣಿಯಿಂದ ಗಿಲ್ ಫೋನು. ಗಾಳಿ ಜೋರಾಗಿತ್ತು, ಅರ್ಧ ಮಾತು ಕೇಳಿಸಲಿಲ್ಲ. ಕೇಳಿಸಿದ್ದು ಇದು —

"ನಾಯಿ ಲೈಸೆನ್ಸ್ ಮಾಡಿಸ್ಬೇಕು. ರೇಬೀಸ್ ಇಂಜೆಕ್ಷನ್ ಕಾಗದ ಎಲ್ಲಿಟ್ಟಿದ್ದೀಯ?"

"ಡ್ರಾಯರಲ್ಲಿದೆ."

ಡ್ರಾಯರಿನಲ್ಲಿ ಇಲ್ಲ. ಎಲ್ಲೂ ಇಲ್ಲ. ಇಂಜೆಕ್ಷನ್ನೇ ಹಾಕಿಸಿಲ್ಲ. ಜೂನ್‌ನಲ್ಲಿ ಪಿರಿಯನ್ನು ನಾಯಿ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟೆ. ದಾರಿಯಲ್ಲಿ ಸೀಟ್ ಬೆಲ್ಟ್ ಕಡಿದು ಹಾಕಿತು, ಆಮೇಲೆ ಸೀಟಿನ ಮೇಲೆಲ್ಲ ವಾಂತಿ. ಹತ್ತು ಗಂಟೆ ನಿಂತು ಮೀನು ಕೊಯ್ದು ಬಂದಿದ್ದೆ. ಸಿಗ್ನಲ್ಲಿನಲ್ಲೇ ಕಾರು ತಿರುಗಿಸಿ ಮನೆಗೆ ಬಂದೆ. ಅವತ್ತು ಗಿಲ್ ಕೇಳಿದಾಗ "ಆಯ್ತು" ಅಂದೆ. ನಾಳೆ ಹಾಕಿಸಿದರಾಯಿತು ಎಂದುಕೊಂಡಿದ್ದೆ. ಆ ನಾಳೆ ಎರಡು ತಿಂಗಳಾದರೂ ಬಂದಿಲ್ಲ.

ಸೋಮವಾರ ಖಂಡಿತ.

ಆಗಸ್ಟ್ 16, ಶನಿವಾರ, ಬೆಳಗ್ಗೆ 11

ಏನೂ ಆಗಿಲ್ಲ.

ಹಿಂದಿನ ವರಾಂಡದಲ್ಲಿ ಪಿರಿ ಏನೋ ಅಗಿಯುತ್ತಿತ್ತು. ಕೈಗವಸು ಎಂದುಕೊಂಡೆ. ಫ್ಲೋರಾ ಓಡಿಹೋಗಿ ಎಳೆದಳು. ಬಿಡಲಿಲ್ಲ. ಎಳೆದಾಟದಲ್ಲಿ ಅವಳ ಮಣಿಕಟ್ಟಿಗೆ ಹಲ್ಲು ತಗುಲಿತು. ಎರಡು ಗೆರೆ, ಸ್ವಲ್ಪ ರಕ್ತ. ನಾನು ಹೋಗಿ ದವಡೆ ಬಿಡಿಸಿ ಅದನ್ನು ಕಿತ್ತುಕೊಂಡೆ. ಅದು ನನ್ನ ಅಂಗೈಯಲ್ಲಿ ಅಲುಗಿತು.

ಬಾವಲಿ. ಜೀವ ಇತ್ತು. ಒಂದು ರೆಕ್ಕೆ ಹರಿದಿತ್ತು, ಬಾಯಿ ತೆರೆದು ಮುಚ್ಚುತ್ತಿತ್ತು.

ಸಲಿಕೆಯಲ್ಲಿ ಹೊಡೆದು, ಪೇಪರಿನಲ್ಲಿ ಸುತ್ತಿ ಕಸದ ಡಬ್ಬಕ್ಕೆ ಹಾಕಿದೆ. ಮಗುವಿನ ಕೈ ಸೋಪು ಹಚ್ಚಿ ತೊಳೆದೆ. ನನ್ನದೂ. ನನ್ನ ಬೆರಳ ತುಂಬ ಮೀನಿನ ಚಾಕುವಿನ ಗಾಯಗಳು, ಎಂದಿನಂತೆ.

ಅತ್ತೆ ಕಿಟಕಿಯಿಂದ ಕೇಳಿದರು. "ಏನದು?"

"ಇಲಿ."

ಯಾಕೆ ಹಾಗೆಂದೆ?

ಆಗಸ್ಟ್ 17, ಭಾನುವಾರ

ಚರ್ಚಿನಲ್ಲಿ ಪಾದ್ರಿ ಏನು ಹೇಳಿದರೋ ದೇವರಿಗೇ ಗೊತ್ತು. ಫ್ಲೋರಾಳ ಮಣಿಕಟ್ಟು ನೋಡುತ್ತ ಕೂತಿದ್ದೆ. ಎರಡು ಗೆರೆ ಒಣಗಿವೆ. ಅವಳಿಗೆ ಮರೆತೇ ಹೋಗಿದೆ.

ಬಂದ ಮೇಲೆ ಫೋನಿನಲ್ಲಿ ಹುಡುಕಿದೆ. ಹುಡುಕಬಾರದಿತ್ತು... ಅಲ್ಲ, ನಿನ್ನೆಯೇ ಹುಡುಕಬೇಕಿತ್ತು. ಬಾವಲಿಯ ಹಲ್ಲು ಸೂಜಿಮೊನೆಯಷ್ಟು, ಕಚ್ಚಿದ್ದು ಕಾಣಿಸುವುದೂ ಇಲ್ಲವಂತೆ. ಹಗಲಲ್ಲಿ ನೆಲದ ಮೇಲೆ ಸಿಕ್ಕ ಬಾವಲಿಯನ್ನು ನಂಬಬಾರದಂತೆ. ರೇಬೀಸ್ ರೋಗ ವಾರಗಟ್ಟಲೆ, ತಿಂಗಳುಗಟ್ಟಲೆ ಸುಮ್ಮನಿದ್ದು ಆಮೇಲೆ ಏಳುತ್ತದಂತೆ. ಎದ್ದ ಮೇಲೆ ಔಷಧವಿಲ್ಲ.

ಆ ಒಂದು ಸಾಲನ್ನು ಆರು ಕಡೆ ಓದಿದೆ. ಆರೂ ಕಡೆ ಅದೇ.

ಡಾಕ್ಟರ ಹತ್ತಿರ ಹೋದರೆ ಮೊದಲ ಪ್ರಶ್ನೆ ನಾಯಿಗೆ ಇಂಜೆಕ್ಷನ್ ಆಗಿದೆಯೇ ಎಂದು. ನಾಳೆ ಹೋದರಾಯಿತು.

ಮತ್ತೆ ನಾಳೆ. ನನ್ನ ಕೈಯಾರೆ ಬರೆದಿದ್ದೇನೆ, ನೋಡು.

ಆಗಸ್ಟ್ 18, ಸೋಮವಾರ, ಮಧ್ಯಾಹ್ನ

ಬೆಳಗ್ಗೆ ಫ್ಲೋರಾ ಹಾಲು ಬೇಡವೆಂದಳು. ಗಂಟಲು ಕೆರೆಯುತ್ತದೆ ಅಂದಳು. ಅಷ್ಟೇ. ಕಾರಿನ ಕೀಲಿ ತೆಗೆದುಕೊಂಡೆ. ಚಪ್ಪಲಿ ಬೇರೆ ಬೇರೆ ಜೊತೆಯದು ಹಾಕಿಕೊಂಡಿದ್ದು ಆಸ್ಪತ್ರೆಯಲ್ಲಿ ಗೊತ್ತಾಯಿತು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಗಂಟಲು ನೋಡಿ ಬರೀ ನೆಗಡಿ ಎಂದರು. ಆಮೇಲೆ ನಾನು ಹೇಳಿದ್ದನ್ನು ಕೇಳುತ್ತ ಕೇಳುತ್ತ ಬರೆಯುವುದನ್ನು ನಿಲ್ಲಿಸಿದರು.

"ನಾಯಿಗೆ ರೇಬೀಸ್ ಲಸಿಕೆ?"

"ಇಲ್ಲ." ಹೊರಗೆ ಬಂತು. ಎರಡು ತಿಂಗಳಿಂದ ಮುಚ್ಚಿಟ್ಟಿದ್ದು.

"ಬಾವಲಿ ಇದ್ಯಾ? ಇದ್ರೆ ತಲೆ ಪರೀಕ್ಷೆ ಮಾಡಿ ಎರಡು ದಿನದಲ್ಲಿ ಹೇಳ್ತಾರೆ. ರೋಗ ಇಲ್ಲ ಅಂತಾದ್ರೆ ಯಾರಿಗೂ ಏನೂ ಬೇಡ, ನಾಯಿಗೂ ತೊಂದ್ರೆ ಇಲ್ಲ."

ಅತ್ತೆಗೆ ಫೋನು ಮಾಡಿದೆ. "ಕಸದ ಡಬ್ಬ ಮುಟ್ಬೇಡಿ, ಯಾರಿಗೂ ಕೊಡ್ಬೇಡಿ."

"ಲಾರಿ ಏಳಕ್ಕೇ ಬಂತಲ್ಲ. ಡಬ್ಬ ತೊಳೆದೂ ಇಟ್ಟಿದ್ದೀನಿ. ಯಾಕೆ, ಏನಾಯ್ತು?"

ಬಾವಲಿ ಸಿಗಲಿಲ್ಲವೆಂದರೆ ಅದಕ್ಕೆ ರೋಗ ಇತ್ತು ಎಂದೇ ತಿಳಿಯಬೇಕಂತೆ.

ಫ್ಲೋರಾಳ ಗಾಯದ ಸುತ್ತ ಸೂಜಿ. ಆ ಗೆರೆಯ ಒಳಗೇ. ನಾನು ಅವಳ ಭುಜ ಹಿಡಿದುಕೊಳ್ಳಬೇಕಾಯಿತು. ಅಳಲಿಲ್ಲ. "ಅಮ್ಮ, ಇಷ್ಟೊಂದು ಯಾಕೆ?" ಅಂದಳು. ಆಮೇಲೆ ನನ್ನ ಬೆರಳುಗಳಿಗೆ. ಇಬ್ಬರಿಗೂ ಇನ್ನು ಮೂರು ಸಲ ಬರಬೇಕು.

ಆಗಸ್ಟ್ 19, ಮಂಗಳವಾರ

ನಗರದಿಂದ ಪ್ರಾಣಿಗಳ ಇನ್ಸ್‌ಪೆಕ್ಟರ್ ಬಂದರು. ಮಿಸೆಸ್ ಬೋಡ್ರೋ. ದಪ್ಪ ಕನ್ನಡಕ, ಮೆಲುದನಿ. ಪಿರಿ ಅವರ ಷೂ ಲೇಸು ಬಿಚ್ಚುತ್ತಿತ್ತು. ಅವರು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ಆದರೆ ಕೆಳಗೆ ಬಗ್ಗಿ ಮುಟ್ಟಲೂ ಇಲ್ಲ.

ಎರಡೇ ದಾರಿ. ಈ ವಾರವೇ ನಿದ್ದೆ ಬರಿಸಿ ಮುಗಿಸಿಬಿಡುವುದು. ಇಲ್ಲವಾದರೆ ಇವತ್ತೇ ಇಂಜೆಕ್ಷನ್ ಹಾಕಿಸಿ ನಾಲ್ಕು ತಿಂಗಳು ಬೇರೆ ಇಡುವುದು. ಎರಡು ಬಾಗಿಲ ಹಿಂದೆ. ಒಬ್ಬರೇ ಊಟ ಹಾಕಬೇಕು. ಮಗು ಹತ್ತಿರ ಸುಳಿಯಬಾರದು.

"ತೀರ್ಮಾನಕ್ಕೆ ಯಜಮಾನರು ಬರೋವರೆಗೂ ಟೈಮ್ ಇದೆ. ಇಂಜೆಕ್ಷನ್ ಮಾತ್ರ ಇವತ್ತೇ. ಅಲ್ಲೀವರೆಗೂ ನೆಲಮಾಳಿಗೆಯಲ್ಲಿಡಿ" ಎಂದರು. ಸಂಜೆಯೇ ಪಿರಿಗೆ ಇಂಜೆಕ್ಷನ್ ಹಾಕಿಸಿದೆ.

ಆಗಸ್ಟ್ 23, ಶನಿವಾರ

ಗಿಲ್ ಬಂದ. ದೋಣಿ ಬೆಳಗ್ಗೆಯೇ ನ್ಯೂ ಬೆಡ್‌ಫರ್ಡ್ ಬಂದರಿಗೆ ಬಂತು. ಬಂದರುಕಟ್ಟೆಯಲ್ಲಿ ಹೇಳಲಾಗಲಿಲ್ಲ. ಕಾರಿನಲ್ಲೂ ಆಗಲಿಲ್ಲ. ಅಡುಗೆಮನೆಯಲ್ಲಿ ನಿಂತು ಎಲ್ಲವನ್ನೂ ಹೇಳಿದೆ, ಜೂನ್‌ನಿಂದ.

ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಡ್ರಾಯರಲ್ಲಿದೆ ಅಂದೆ."

"ಹೌದು."

"ಯಾವ ಡ್ರಾಯರು?"

ಉತ್ತರಕ್ಕೆ ಕಾಯದೆ ಒಂದೊಂದೇ ಡ್ರಾಯರು ಎಳೆದ. ಚಮಚದ್ದು, ಬಟ್ಟೆಯದ್ದು, ಹಳೆ ಬ್ಯಾಟರಿಯದ್ದು. ಎಲ್ಲವನ್ನೂ ತೆರೆದೇ ಬಿಟ್ಟು ಹೋಗಿ ಫ್ಲೋರಾಳ ಪಕ್ಕ ಕೂತು ಅವಳ ಕೈ ನೋಡಿದ.

ಮಧ್ಯಾಹ್ನ ಅತ್ತೆ ಕೇಲ್ ಸೊಪ್ಪಿನ ಸೂಪು ತಂದರು. ಯಾರಿಗೂ ಸೇರಲಿಲ್ಲ. "ಮಗು ದೊಡ್ಡದೋ ನಾಯಿ ದೊಡ್ಡದೋ?" ಅಂದರು. "ಇದರಲ್ಲಿ ಯೋಚನೆ ಮಾಡೋದೇನಿದೆ? ಕಳಿಸಿಬಿಡಿ."

ಗಿಲ್ ತಲೆಯಾಡಿಸಿದ. ನಾನೂ ಆಡಿಸುವವಳಿದ್ದೆ.

ಫ್ಲೋರಾ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. "ಪಿರಿ ಏನ್ ತಪ್ಪು ಮಾಡ್ತು? ಇಂಜೆಕ್ಷನ್ ಹಾಕಿಸದೆ ಬಿಟ್ಟಿದ್ದು ಅದಲ್ವಲ್ಲ."

ಒಂಬತ್ತು ವರ್ಷದವಳು. ನನ್ನ ಮುಖ ನೋಡಿ ಹೇಳಲಿಲ್ಲ. ಅದೇ ಹೆಚ್ಚು ಚುಚ್ಚಿತು.

ನಾಲ್ಕು ತಿಂಗಳು ಪಿರಿಯನ್ನು ನಾನೇ ನೋಡಿಕೊಳ್ಳುತ್ತೇನೆ ಎಂದೆ. ಇಂಜೆಕ್ಷನ್ ಆಗಿರುವ ದೊಡ್ಡವಳು ಈ ಮನೆಯಲ್ಲಿ ನಾನೊಬ್ಬಳೇ. ಬೇರೆ ಯಾರೂ ಇಳಿಯುವುದು ಬೇಡ. ಗಿಲ್ ಎದ್ದು ನೆಲಮಾಳಿಗೆಯ ಬಾಗಿಲಿಗೆ ತಂತಿಬಲೆ ತರಲು ಹೋದ.

ಸೆಪ್ಟೆಂಬರ್ 1, ಸೋಮವಾರ

ಕೊನೆಯ ಇಂಜೆಕ್ಷನ್, ಇಬ್ಬರಿಗೂ. ಮನೆಗೆ ಬಂದ ಕೂಡಲೇ ಗಿಲ್ ಕೈ ಚಾಚಿದ.

"ಕಾಗದ?"

ಕೊಟ್ಟೆ. ಎರಡು ಸಲ ಓದಿ ತನ್ನ ಪರ್ಸಿನಲ್ಲಿ ಇಟ್ಟುಕೊಂಡ.

ಸೆಪ್ಟೆಂಬರ್ 19, ಶುಕ್ರವಾರ

ಬೆಳಗ್ಗೆ ಐದಕ್ಕೆ ಒಮ್ಮೆ, ಸಂಜೆ ಐದಕ್ಕೆ ಒಮ್ಮೆ ಕೆಳಗೆ. ತಟ್ಟೆ ತಳ್ಳುವುದು, ಕೋಲಿನಲ್ಲಿ ಹಾಸಿಗೆ ಎಳೆಯುವುದು. ನೀರು ಕುಡಿಯುತ್ತದೆಯೇ ನೋಡುವುದು. ಕುಡಿಯಿತು. ಮೇಲೆ ಬಂದು ಉಸಿರು ಬಿಡುವುದು.

ಹಾಸಿಗೆ ಮೂರನೆಯದು ಚಿಂದಿ. ಬಕೀಟಿನ ಹಿಡಿ ಇಲ್ಲ. ಬಾಗಿಲ ಚೌಕಟ್ಟನ್ನು ತಂತಿಯ ಸಂದಿಯಿಂದಲೇ ತಿನ್ನುತ್ತಿದೆ. ಫ್ಲೋರಾ ಮೇಲಿನ ಮೆಟ್ಟಿಲಲ್ಲಿ ಕೂತು ಅದಕ್ಕೆ ಕಥೆ ಪುಸ್ತಕ ಓದಿ ಹೇಳುತ್ತಾಳೆ, ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು.

ಅಕ್ಟೋಬರ್ 9, ಗುರುವಾರ, ಸಂಜೆ 5:40

ಪಿರಿ ಏನೂ ಕಡಿದಿಲ್ಲ.

ಹೊಸ ಹಾಸಿಗೆ ನಿನ್ನೆ ಹಾಕಿದ ಹಾಗೇ ಇದೆ. ಬೆಳಗಿನ ತಟ್ಟೆ ತುಂಬಿದೆ. ಮೂಲೆಯಲ್ಲಿ ಕೂತಿದೆ. ಕರೆದರೆ ಬರಲಿಲ್ಲ. ಬಾಯಿ ಅರ್ಧ ತೆರೆದೇ ಇದೆ, ಮುಚ್ಚುತ್ತಿಲ್ಲ. ಜೊಲ್ಲು ಎದೆಯವರೆಗೆ. ನೀರಿನ ಹತ್ತಿರ ಹೋಯಿತು, ಮೂತಿ ಇಟ್ಟಿತು, ಕುಡಿಯಲಾಗದೆ ಹಿಂದೆ ಸರಿಯಿತು.

ಇದೇ. ಎಲ್ಲ ಕಡೆ ಬರೆದದ್ದು ಇದೇ. ದವಡೆ ಜೋತುಬೀಳುವುದು. ನೀರು ಇಳಿಯದಿರುವುದು.

ಗಂಟಲಲ್ಲಿ ಏನೋ ಸಿಕ್ಕಿರಬೇಕು, ಕೈ ಹಾಕಿ ತೆಗೆದುಬಿಡಲೇ ಎಂದು ಚಿಲಕದ ಮೇಲೆ ಕೈಯಿಟ್ಟೆ. ಆಗಲೇ ಮಿಸೆಸ್ ಬೋಡ್ರೋ ಹೇಳಿದ್ದು ನೆನಪಾಯಿತು. "ಎಲುಬು ಸಿಕ್ಕಿದೆ ಅಂತ ಬಾಯಿಗೆ ಕೈ ಹಾಕಿದವರೇ ಎಷ್ಟೋ ಜನ ಈ ರೋಗಕ್ಕೆ ಸಿಕ್ಕಿಬಿದ್ದಿದ್ದಾರೆ." ಕೈ ತೆಗೆದೆ. ಪಿರಿ ನನ್ನನ್ನೇ ನೋಡುತ್ತಿತ್ತು.

ಫೋನು ಮಾಡಿದೆ. ಮಿಸೆಸ್ ಬೋಡ್ರೋ ನಾಯಿ ಡಾಕ್ಟರನ್ನು ಕರೆದುಕೊಂಡು ನಾಳೆ ಬೆಳಗ್ಗೆ ಎಂಟಕ್ಕೆ ಬರುತ್ತಾರಂತೆ. ಯಾರೂ ಬಾಗಿಲು ತೆಗೆಯಬಾರದು.

ಗಿಲ್ ಸಮುದ್ರದಲ್ಲಿ. ಫ್ಲೋರಾ ಪುಸ್ತಕ ಹಿಡಿದು ಬಂದಳು. "ಇವತ್ತು ಬೇಡ ಮರಿ" ಎಂದೆ.

"ಯಾಕೆ?"

ಅದಕ್ಕೆ ನಿದ್ದೆ ಬಂದಿದೆ ಎಂದು ನಾಲಿಗೆಯ ತುದಿಗೆ ಬಂದಿತ್ತು. "ಹುಷಾರಿಲ್ಲ" ಎಂದೆ. "ಏನಂತ ನಂಗೂ ಗೊತ್ತಿಲ್ಲ. ಭಯ ಆಗ್ತಿದೆ."

ನನ್ನ ಪಕ್ಕ ಕೂತಳು. ಅತ್ತೆಯೂ ಬಂದು ಕೂತರು. ಜಪಮಾಲೆ ಹಿಡಿದಿದ್ದರು. ಯಾರಿಗಾಗಿ ಎಂದು ಕೇಳಲಿಲ್ಲ.

ಅಕ್ಟೋಬರ್ 10, ಶುಕ್ರವಾರ, ಬೆಳಗ್ಗೆ 9:30

ಮರದ ಚೂರು!

ಬಾಗಿಲ ಚೌಕಟ್ಟಿನದು. ಮೇಲಿನ ದವಡೆಯಲ್ಲಿ ಈ ಕಡೆಯ ಹಲ್ಲಿಗೂ ಆ ಕಡೆಯ ಹಲ್ಲಿಗೂ ಅಡ್ಡವಾಗಿ ಸಿಕ್ಕಿಕೊಂಡಿತ್ತು. ಡಾಕ್ಟರು ಮೊಣಕೈವರೆಗೆ ದಪ್ಪ ಗವಸು ಹಾಕಿಕೊಂಡು, ಮತ್ತಿನ ಮದ್ದು ಚುಚ್ಚಿ, ಇಕ್ಕಳದಿಂದ ಕಿತ್ತರು. ನನ್ನ ಕಿರುಬೆರಳಿನಷ್ಟು ಉದ್ದ. ನಾನು ಮೆಟ್ಟಿಲ ಮೇಲೆ ಕೂತೆ. ಮಿಸೆಸ್ ಬೋಡ್ರೋ ನೀರು ಕೊಟ್ಟರು.

ಅತ್ತೆ ಮೇಲಿಂದ ಕೂಗಿದರು. "ಇದೆಯೋ ಹೋಯ್ತೋ?"

"ಇದೆ ಅತ್ತೆ."

"ಹಾಳಾದ್ದು" ಅಂದರು. ಮೂಗು ಸೀಟಿದ ಸದ್ದು ಕೇಳಿಸಿತು.

ಅಕ್ಟೋಬರ್ 12, ಭಾನುವಾರ

ಹಾಸಿಗೆ ಚಿಂದಿ. ಕೆಳಗೆ ಇಳಿದವಳಿಗೆ ಆ ಚಿಂದಿ ನೋಡಿ ನಿಂತಲ್ಲೇ ಅಳು ಬಂತು.

ನವೆಂಬರ್ 27, ಗುರುವಾರ

ಥ್ಯಾಂಕ್ಸ್‌ಗಿವಿಂಗ್. ಟರ್ಕಿ ಕೋಳಿಯ ಜೊತೆ ಅತ್ತೆಯ ಸಾಸೇಜ್ ಅನ್ನ. ಗಿಲ್ ಮನೆಯಲ್ಲಿದ್ದ. ಊಟಕ್ಕೆ ಮುಂಚೆ ಎಲ್ಲರೂ ಒಂದೊಂದು ಕೃತಜ್ಞತೆ ಹೇಳಬೇಕು. ನನ್ನ ಸರದಿ ಬಂದಾಗ ಗಿಲ್ ಮೇಜಿನ ಕೆಳಗೆ ನನ್ನ ಮೊಣಕಾಲ ಮೇಲೆ ಕೈಯಿಟ್ಟ. ಆಗಸ್ಟಿನಿಂದ ಮೊದಲ ಸಲ. ತೆಗೆಯಲೂ ಇಲ್ಲ.

ಆದರೆ ಇನ್ನೊಂದು ವಿಷಯ. ಫ್ಲೋರಾ ಈಗ ಮೆಟ್ಟಿಲಲ್ಲಿ ಕೂರುವುದಿಲ್ಲ. ಪಿರಿ ಬೊಗಳಿದರೆ ಎಡ ಮಣಿಕಟ್ಟನ್ನು ಬಲಗೈಯಲ್ಲಿ ಮುಚ್ಚಿಕೊಳ್ಳುತ್ತಾಳೆ. ಹಾಗೆ ಮಾಡುತ್ತಿರುವುದು ಅವಳಿಗೆ ಗೊತ್ತಿಲ್ಲ. ನಮ್ಮ ಭಯವನ್ನೆಲ್ಲ ನೋಡಿ ನೋಡಿ ಕಲಿತುಕೊಂಡಳು. ಇದಕ್ಕೆ ಯಾವ ಇಂಜೆಕ್ಷನ್?

ಡಿಸೆಂಬರ್ 16, ಮಂಗಳವಾರ, ಸಂಜೆ 4

ಮುಗಿಯಿತು. ಮಿಸೆಸ್ ಬೋಡ್ರೋ ಹತ್ತಕ್ಕೆ ಬಂದು ಕಾಗದಕ್ಕೆ ಸಹಿ ಹಾಕಿದರು. ಈ ಸಲ ಬಗ್ಗಿ ಪಿರಿಯ ಕಿವಿ ತುರಿಸಿದರು. ಗಿಲ್‌ಗೆ ಕಾಗದ ಕೊಡಲು ಹೋದೆ. "ನಿನ್ ಹತ್ರನೇ ಇರ್ಲಿ" ಅಂದ.

ಪಿರಿ ಬೆಳೆದುಬಿಟ್ಟಿದೆ. ಮೆಟ್ಟಿಲು ಹತ್ತಲು ಹೆದರಿತು. ನಾನೇ ಎತ್ತಿಕೊಂಡು ಬಂದೆ.

ಫ್ಲೋರಾ ಸ್ಕೂಲಿನಿಂದ ಬಂದಳು. ಹಜಾರದ ಆ ತುದಿಯಲ್ಲಿ ನಿಂತಳು, ಕೋಟು ಬಿಚ್ಚದೆ, ಕೈಗಳನ್ನು ತೋಳಿನೊಳಗೆ ಎಳೆದುಕೊಂಡು. ಪಿರಿ ಈ ತುದಿಯಲ್ಲಿ. ಗಿಲ್ ಕೊರಳಪಟ್ಟಿ ಹಿಡಿದಿದ್ದ.

"ಅಪ್ಪ, ನಿಜವಾಗ್ಲೂ ಏನೂ ಆಗಲ್ವಾ?"

"ಅಮ್ಮನ್ನ ಕೇಳು. ನಾಲ್ಕು ತಿಂಗಳು ನೋಡ್ಕೊಂಡಿದ್ದು ಅವಳು. ಅವಳು ಹೇಳಿದ್ರೆ ಸರಿ."

ಇಬ್ಬರೂ ನನ್ನ ಕಡೆ ತಿರುಗಿದರು. ನನ್ನ ಮಾತನ್ನು ಈ ಮನೆಯಲ್ಲಿ ಯಾರಾದರೂ ಕೇಳಿ ಎಷ್ಟು ದಿನವಾಗಿತ್ತು.

"ರೋಗ ಇಲ್ಲ. ಅದು ಖಂಡಿತ" ಎಂದೆ. "ಬಟ್ಟೆ ಎಳೆಯುತ್ತೆ, ಮೇಲೆ ಹಾರುತ್ತೆ. ಹಾರಲ್ಲ ಅಂತ ಸುಳ್ಳು ಹೇಳಲ್ಲ. ಭಯ ಆದ್ರೆ ಇವತ್ತು ಬೇಡ, ಬಿಡು."

ಯೋಚಿಸಿದಳು. "ನೀನು ಇಲ್ಲಿ ನಿಂತಿರ್ಬೇಡ. ನೀನಿದ್ರೆ ನಂಗೆ ಇನ್ನೂ ಭಯ ಆಗುತ್ತೆ" ಅಂದಳು.

ಅದಕ್ಕೇ ಇಲ್ಲಿ ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ. ಐದು ನಿಮಿಷವಾಯಿತು. ಗಿಲ್ ಏನೋ ಮೆಲ್ಲಗೆ ಹೇಳುತ್ತಿದ್ದಾನೆ. ಈಗ ಉಗುರುಗಳ ಸದ್ದು, ನೆಲದ ಮೇಲೆ, ಜೋರಾಗಿ. ಏನೋ ಬಿತ್ತು. ಫ್ಲೋರಾ ಕೂಗಿದಳು —

ಹೆದರಿ ಕೂಗಿದ್ದೋ ನಕ್ಕು ಕೂಗಿದ್ದೋ ಇಲ್ಲಿಂದ ತಿಳಿಯುತ್ತಿಲ್ಲ. ಏಳಬಾರದು. ಕರೆಯುವವರೆಗೆ ಏಳುವುದಿಲ್ಲ.

"ಅಮ್ಮಾ" ಅನ್ನುತ್ತಿದ್ದಾಳೆ. "ಅಮ್ಮಾ, ಬಾ, ಇದು ನನ್ನ ಕೋಟಿನ ತೋಳನ್ನೇ ತಿಂತಿದೆ!" ನಗುತ್ತಿದ್ದಾಳೆ.